ದೂರದ ದಾರಿ, ಜೊತೆಗೊಂದು ನಾಯಿ

ಗಂಗಾವತಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ, ಕಾರಟಗಿಗೆ ಮೊದಲು ಸಿದ್ದಾಪುರ ಸಿಗುತ್ತದೆ. ಹಿಂದೆ ಗಂಗಾವತಿ ತಾಲೂಕಿನಲ್ಲಿದ್ದ ಊರು ಈಗ ಕಾರಟಗಿ ತಾಲೂಕಿಗೆ ಸೇರಿದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಈ ಸೀಮೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದ ರೈತರು ಬಂದು ನೆಲೆಸಿದ 'ಕ್ಯಾಂಪ್'ಗಳು, ಅಕ್ಕಿ ಗಿರಣಿಗಳು, ಎತ್ತ ನೋಡಿದರೂ ಸೋನಾ ಮಸೂರಿಯ ಮಾತು.

ನನ್ನ ಸೋದರತ್ತೆಯ ಮನೆ ಅಲ್ಲಿದೆ. ಮಕ್ಕಳನ್ನು ಕರೆದುಕೊಂಡು ನಾನು ಹೋದದ್ದು ಬೇಸಿಗೆ ರಜೆಯಲ್ಲಿ. ಎರಡನೇ ಬೆಳೆಯ ಕೊಯ್ಲು ಮುಗಿದಿತ್ತು. ಮನೆಯ ಹಿಂದಿನ ಗದ್ದೆಯಲ್ಲಿ ಕುಷ್ಟಗಿ ಕಡೆಯ ಕುರಿಗಾರರು ಮಂದೆ ಇಳಿಸಿದ್ದರು. ರಾತ್ರಿ ಹೊಲದಲ್ಲಿ ಕುರಿ ತರುಬಿದರೆ ಹಿಕ್ಕೆ, ಗಂಜಲದಿಂದ ನೆಲಕ್ಕೆ ಒಳ್ಳೆಯ ಗೊಬ್ಬರ. ಅದಕ್ಕಾಗಿ ರೈತರು ಕಾಳನ್ನೋ ಹಣವನ್ನೋ ಕೊಡುತ್ತಾರೆ. ಮಳೆ ಹಿಡಿದು ಕಾಲುವೆಗೆ ನೀರು ಬರುವ ಹೊತ್ತಿಗೆ ಕುರಿಗಳಿಗೆ ಇಲ್ಲಿ ಜಾಗವಿರುವುದಿಲ್ಲ. ಆಗ ಅವರು ಮತ್ತೆ ಒಣ ಸೀಮೆಗೆ ಹೊರಡುತ್ತಾರೆ.

ಅವರೊಂದಿಗೆ ಒಂದು ದೊಡ್ಡ ಕರಿ ನಾಯಿಯಿತ್ತು. ಮುದಿಯಾಗಿ ಹಿಂಗಾಲು ಎಳೆಯುತ್ತಿತ್ತು. ನಮ್ಮಂತೆ ನಾಯಿ ಸಾಕದ ಮನೆಯ ಮಕ್ಕಳಿಗೆ ಅದನ್ನು ಕಂಡರೆ ಭಯ, ಜೊತೆಗೆ ಕುತೂಹಲ. ಅತ್ತೆ ಮಾತ್ರ ದಿನಾ ಮಧ್ಯಾಹ್ನ ಬೇಲಿಯಾಚೆ ಒಂದು ಒಡಕು ಮಡಕೆಯಲ್ಲಿ ಅದಕ್ಕೆ ನೀರಿಡುತ್ತಿದ್ದರು. ಪಾತ್ರೆಗೆ ನಾಯಿ ಬಾಯಿ ಹಾಕಿದರೆ ಏಳು ಸಲ ತೊಳೆಯಬೇಕೆನ್ನುವ ಅತ್ತೆ ಇವರೇನಾ ಎಂದು ನನಗೆ ಆಶ್ಚರ್ಯ. ಕೇಳಿದೆ.

"ಶುದ್ಧಿ ಬ್ಯಾರೆ, ದಯಾ ಬ್ಯಾರೆ ಮಗಳ" ಎಂದರು. ಬಾಯಾರಿದ ನಾಯಿಗೆ ಬಾವಿಯಿಂದ ನೀರು ತೆಗೆದು ಕುಡಿಸಿದವನ ಪಾಪವನ್ನು ಅಲ್ಲಾಹನು ಕ್ಷಮಿಸಿದನೆಂದು ಪ್ರವಾದಿವರ್ಯರು(ಸ) ತಿಳಿಸಿದ್ದನ್ನು ಮಕ್ಕಳಿಗೆ ಹೇಳಿದರು. ಕುರಿ ಕಾಯಲು, ಹೊಲ ಕಾಯಲು, ಬೇಟೆಗೆ ನಾಯಿ ಇಟ್ಟುಕೊಳ್ಳಲು ಅನುಮತಿ ಇದೆಯೆಂದೂ ಹೇಳಿದರು. ಕುರಿಗಾರರಿಗೆ ನಾಯಿ ಶೋಕಿಯಲ್ಲ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ ತೋಳಗಳಿಗೆಂದೇ ವನ್ಯಧಾಮವಿದೆ. ಅಂಥ ಕುರುಚಲು ಗುಡ್ಡಗಳ ಪಕ್ಕದಲ್ಲಿ ಬಯಲಲ್ಲೇ ಮಲಗುವವರಿಗೆ ರಾತ್ರಿಯ ಕಾವಲೆಂದರೆ ಅದೇ.

ಅವರು ಹೊರಡುವ ದಿನ ಬಂತು. ಗಂಡಸರು ನಸುಕಿನಲ್ಲೇ ಮಂದೆ ಹೊಡೆದುಕೊಂಡು ಹೋಗಿದ್ದರು. ಎಳೆಯ ಮರಿಗಳು, ಬಲೆ, ಪಾತ್ರೆ, ಕಂಬಳಿಗಳನ್ನು ಬಾಡಿಗೆಯ ಸಣ್ಣ ಗೂಡ್ಸ್ ಗಾಡಿಗೆ ಏರಿಸಿದರು. ನಾಯಿಯನ್ನು ಏರಿಸಲು ಹೋದಾಗ ಡ್ರೈವರ್ ತಡೆದ. ಗಾಡಿ ಹೊಲಸಾಗುತ್ತದೆ, ಅಷ್ಟು ದೊಡ್ಡ ನಾಯಿ ಬೇಡ ಎಂದ. ಕುರಿಗಾರ ಅಜ್ಜಿ ಗಾಡಿಯಿಂದ ಇಳಿದೇಬಿಟ್ಟಳು.

"ಇದು ಇರದಿದ್ರ ನಮ್ಮ ಹಟ್ಯಾಗ ಒಂದು ಮರೀನೂ ಉಳೀತಿರಲಿಲ್ಲ. ಈಗ ಕಾಲು ಸೋತೈತಂತ ದಾರ್‍ಯಾಗ ಬಿಟ್ಟು ಹೋಗಲ್ಯಾ?"

ಯಾರೂ ಮಾತಾಡಲಿಲ್ಲ. ಅತ್ತೆ ಒಳಗೆ ಹೋಗಿ ಎರಡು ಗೋಣಿಚೀಲ ತಂದು ಡ್ರೈವರ್ ಕೈಗಿತ್ತರು. "ಇದನ್ನ ಹಾಸಪ್ಪಾ. ಹೊಲಸಾದ್ರ ಚೀಲ ಬಿಸಾಕಿದ್ರಾತು." ಅವನು ನಾಚಿ ನಕ್ಕ. ನಾಯಿ ಏರಿತು. ಅಜ್ಜಿ ಅತ್ತೆಯ ಕೈ ಹಿಡಿದು, "ಬರ್ತೀನಿ ಯವ್ವಾ" ಎಂದಳು.

ನನಗೆ ಬೆಂಗಳೂರಿನ ನೆರೆಮನೆಯವರು ನೆನಪಾದರು. ಅವರು ಜರ್ಮನಿಗೆ ಹೋಗುವಾಗ ತಮ್ಮ ದೊಡ್ಡ ನಾಯಿಗೆ ಮೈಕ್ರೋಚಿಪ್ ಹಾಕಿಸಿ, ರೇಬಿಸ್ ಲಸಿಕೆ ಕೊಡಿಸಿದರು. ಲಸಿಕೆಯಾಗಿ 30 ದಿನ ಕಳೆದ ಬಳಿಕ ರಕ್ತ ಪರೀಕ್ಷೆ, ಅದಾದ ಮೇಲೆ ಮೂರು ತಿಂಗಳ ಕಾಯುವಿಕೆ. ಯುರೋಪಿನಲ್ಲಿ ಸಾಕುಪ್ರಾಣಿಗಳಿಗೂ 2004ರಿಂದ ಪಾಸ್‌ಪೋರ್ಟ್ ಇದೆ. ಅದನ್ನು ಹಿಡಿದು ನಾಯಿಯೊಂದಿಗೆ ಕಾರಿನಲ್ಲೇ ದೇಶ ದೇಶ ದಾಟಬಹುದು. ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುಳಿಯುವವರು ತೀರಾ ವಿರಳ. ಹಟ್ಟಿಯ ನಾಯಿಗೂ ಲಸಿಕೆ ಬೇಕು. ಮಕ್ಕಳಿಗೆ ನಾಯಿ ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದನ್ನು ಪ್ರತಿ ತಾಯಿಯೂ ತಿಳಿದಿರಬೇಕು.

ಆ ರಾತ್ರಿ ಅತ್ತೆ ಮಕ್ಕಳಿಗೆ ಗುಹೆಯವರ ಕಥೆ ಹೇಳಿದರು. ವಿಶ್ವಾಸ ಉಳಿಸಿಕೊಳ್ಳಲು ಊರು ಬಿಟ್ಟ ಆ ಯುವಕರ ಜೊತೆ ಒಂದು ನಾಯಿಯೂ ಇತ್ತು. ಅದು ಗುಹೆಯ ಬಾಗಿಲಲ್ಲಿ ಮುಂಗಾಲು ಚಾಚಿ ಮಲಗಿತ್ತೆಂದು ಕುರ್‌ಆನಿನ ಅಲ್‌ಕಹ್ಫ್ ಅಧ್ಯಾಯದಲ್ಲಿದೆ. "ಒಳ್ಳೇವರ ಸಂಗಡ ಹೋಗಿದ್ದಕ್ಕ ನಾಯಿಗೂ ಕುರ್‌ಆನಿನ್ಯಾಗ ಜಾಗಾ ಸಿಕ್ತು ನೋಡ್ರಿ" ಎಂದರು ಅತ್ತೆ.

ಮರುದಿನ ಬೆಳಿಗ್ಗೆ ಗದ್ದೆ ಖಾಲಿಯಾಗಿತ್ತು. ನನ್ನ ಕಿರಿಯ ಮಗಳು ಬೇಲಿಯಾಚೆಯ ಮಡಕೆಗೆ ನೀರು ತುಂಬುತ್ತಿದ್ದಳು.

"ನಾಯಿ ಹೋಯಿತಲ್ಲಮ್ಮಾ, ಯಾರಿಗೆ?" ಎಂದೆ.

"ಇನ್ನೊಂದು ಬರಬಹುದಲ್ಲ" ಎಂದಳು.