ಬಾಡಿಗೆಯ ಕರಾರು

ಮನೆಯಾಕೆಗೆ ಹೊಸೂರಿನ ಕಾರ್ಖಾನೆಯೊಂದರಲ್ಲಿ ಕೆಲಸ ದೊರೆತುದರಿಂದ, ಜವಳಗಿರಿಯಲ್ಲಿ ಪಾಠ ಹೇಳುವ ನಾವು ಅಲ್ಲಿ ಮನೆ ಮಾಡಬೇಕಾಯಿತು. ಬಸ್ಸು ನಿಲ್ದಾಣಕ್ಕೆ ಸಮೀಪದ ಅಪಾರ್ಟ್‌ಮೆಂಟಿನಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ತಿಂಗಳಿಗೆ 11,000 ರೂಪಾಯಿ ಬಾಡಿಗೆ, ಐದು ತಿಂಗಳ ಮುಂಗಡ. ನಮ್ಮ ಸಂಬಳಕ್ಕೆ ಅತಿಯೂ ಅಲ್ಲ, ಅಲ್ಪವೂ ಅಲ್ಲ.

2019ರಲ್ಲಿ ಜಾರಿಗೆ ಬಂದ ತಮಿಳುನಾಡಿನ ಬಾಡಿಗೆ ಕಾಯಿದೆಯಂತೆ ಕರಾರು ಬರಹದಲ್ಲಿರಬೇಕಷ್ಟೆ. ಒಡೆಯರು ಮುಂದಿಟ್ಟ ಪತ್ರವು ತಮಿಳಿನಲ್ಲಿತ್ತು. ಆ ನುಡಿಯನ್ನು ನಾವು ಆಡಬಲ್ಲೆವು. ಓದುವುದಾದರೆ ಅಕ್ಷರಕ್ಕೆ ಅಕ್ಷರ ಕೂಡಿಸಬೇಕು. ಊರ ಮಕ್ಕಳಿಗೆ ಓದು ಕಲಿಸುವ ನಾವು ನಾಚಿಕೆಯಿಂದ, ಓದದೆಯೇ ರುಜು ಹಾಕಲು ಲೇಖನಿ ತೆಗೆದೆವು.

ಜೊತೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯು, "ತಡೀರಿ ಮೇಷ್ಟ್ರೆ" ಎಂದು ಪತ್ರವನ್ನು ತೆಗೆದುಕೊಂಡನು. 2006ರ ತಮಿಳು ಕಲಿಕೆಯ ಕಾಯಿದೆಯ ತರುವಾಯ ಓದಿದ ಅವನಿಗೆ ಎರಡು ಲಿಪಿಗಳೂ ಬರುತ್ತವೆ. ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಎರಡು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಳ್ಳುವರೆಂದು ಅವನು ಓದಿ ಹೇಳಿದನು. ಕೇಳಿಕೊಂಡ ಮೇಲೆ ಒಡೆಯರು ಅದನ್ನು ಒಂದಕ್ಕೆ ಇಳಿಸಿದರು.

ಒಂದನೆಯ ತರಗತಿಯಲ್ಲಿ ಅವನ ಕೈ ಹಿಡಿದು 'ಅ' ತಿದ್ದಿಸಿದವರು ನಾವು. ಈಗ ಭಾನುವಾರಗಳಂದು ಅವನ ಎದುರು ಕುಳಿತು ತಮಿಳಿನ ಅಕ್ಷರ ತಿದ್ದುತ್ತಿದ್ದೇವೆ. ಕನ್ನಡ ಕಲಿಸುವವರಿಗೆ ನೆರೆಯ ಲಿಪಿ ಬಾರದಿರುವುದು ಹೆಮ್ಮೆಯಲ್ಲವೆಂದು ತಿಳಿಯಲು ಒಂದು ಬಾಡಿಗೆಯ ಮನೆ ಬೇಕಾಯಿತು.