ನಳಿಕೆ ಮುಟ್ಟದ ಅಳತೆ

6 ಜನವರಿ 2024, ಶನಿವಾರ, ಫೀನಿಕ್ಸ್

ಬೆನ್ ಏವರಿ ರೇಂಜಿನಿಂದ ಈಗಷ್ಟೇ ಬಂದೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಇನ್ನು ಸಾಗದು. .308ರ 175 ಗ್ರೇನ್ ತೋಟಾದ ಪೆಟ್ಟಿಗೆಯ ಮೇಲೆ ಸೆಕೆಂಡಿಗೆ 2600 ಅಡಿ ಎಂದಿದೆ. ಅದು ಕಾರ್ಖಾನೆಯ ಪರೀಕ್ಷಾ ನಳಿಕೆಯ ಲೆಕ್ಕ, ನನ್ನದು ಗಿಡ್ಡ. 50 ಅಡಿ ಕಡಿಮೆಯಾದರೆ 100 ಗಜದಲ್ಲಿ ಗೊತ್ತೇ ಆಗದು, 1000 ಗಜದಲ್ಲಿ ಗುಂಡು ಒಂದು ಅಡಿಗೂ ಹೆಚ್ಚು ಕೆಳಗೆ ಬೀಳುತ್ತದೆ. ಗುಂಡು ಎಷ್ಟು ಕೆಳಗೆ ಬೀಳುತ್ತದೆಂದು ಲೆಕ್ಕ ಹಾಕುವ ಮೊಬೈಲಿನ ಆಪ್ ಎಷ್ಟೇ ಚೆನ್ನಾಗಿರಲಿ, ಕೊಟ್ಟ ವೇಗ ತಪ್ಪಿದ್ದರೆ ಅದು ಹೇಳುವುದೂ ತಪ್ಪೇ.

10 ಜನವರಿ, ಬುಧವಾರ

ಹಳೆಯ ಬಗೆಯ ಕ್ರೋನೋಗ್ರಾಫ್ ಬೆಳಕನ್ನು ನಂಬಿದ ಯಂತ್ರ. ಎರಡು ಸೆನ್ಸರ್, ನಡುವೆ ಎರಡು ಅಡಿ ಎಂದಿಟ್ಟುಕೊಂಡರೆ, ಗುಂಡಿನ ನೆರಳು ಒಂದರಿಂದ ಇನ್ನೊಂದಕ್ಕೆ ಹೋಗಲು ಸೆಕೆಂಡಿನ ಹತ್ತು ಲಕ್ಷ ಪಾಲಿನಲ್ಲಿ ಸುಮಾರು 770 ಪಾಲು ಸಾಕು. ಅಷ್ಟು ಸಣ್ಣ ಕಾಲವನ್ನು ಎಣಿಸುವುದು ಕಷ್ಟವಲ್ಲ. ಕಷ್ಟವಿರುವುದು ಅಂತರದಲ್ಲಿ: ಇಂಚಿನ ಎಂಟನೇ ಒಂದು ಭಾಗ ಹೆಚ್ಚುಕಡಿಮೆಯಾದರೂ ವೇಗ 13 ಅಡಿ ತಪ್ಪುತ್ತದೆ. ನಳಿಕೆ ಬಾಯಿಯ ಸಿಡಿತ ತಾಗದಂತೆ ಹತ್ತು-ಹದಿನೈದು ಅಡಿ ಮುಂದೆ ಇಡಬೇಕು. ಆದರೆ ರೇಂಜಿನಲ್ಲಿ ಎಲ್ಲರೂ ಗುಂಡು ಹೊಡೆಯುವುದನ್ನು ನಿಲ್ಲಿಸುವವರೆಗೆ ಬೆಂಚುಗಳ ಮುಂದಿನ ಗೆರೆ ದಾಟುವಂತಿಲ್ಲ.

ನಳಿಕೆಗೇ ಕಟ್ಟುವ ಮ್ಯಾಗ್ನೆಟೋಸ್ಪೀಡ್‌ಗೆ ಬೆಳಕಿನ ಹಂಗಿಲ್ಲ, ಲೆಕ್ಕವೂ ನಿಖರ. ಆದರೆ ತುದಿಗೆ ಭಾರ ಕಟ್ಟಿದರೆ ನಳಿಕೆಯ ಅದುರು ಬದಲಾಗಿ ಗುಂಡು ಬೇರೆಡೆ ಬೀಳುತ್ತದೆ. ಪಕ್ಕದ ಬೆಂಚಿನ ಹಿರಿಯರು ಅದನ್ನೇ ಬಳಸುತ್ತಾರೆ. ವೇಗಕ್ಕೊಂದು ದಿನ, ಗುರಿಗೊಂದು ದಿನ. ನನಗೆ ಎರಡೂ ಒಂದೇ ಗುಂಡಿನಿಂದ ತಿಳಿಯಬೇಕು.

12 ಜನವರಿ, ಶುಕ್ರವಾರ ರಾತ್ರಿ

ಬೆಂಜಮಿನ್ ರಾಬಿನ್ಸ್ ಬಗ್ಗೆ ಓದುತ್ತ ಕುಳಿತೆ. ತೂಗುಹಾಕಿದ ದಿಮ್ಮಿಗೆ ಗುಂಡು ಹೊಡೆದು, ಅದು ಎಷ್ಟು ಹಿಂದಕ್ಕೆ ತೂಗಿತೆಂಬುದರಿಂದಲೇ ವೇಗ ಕಂಡುಹಿಡಿಯುವ ದಾರಿಯನ್ನು 1742ರ ಪುಸ್ತಕದಲ್ಲಿ ಬರೆದವನು. ಗಾಳಿಯ ತಡೆ ಆಗಿನವರು ಎಣಿಸಿದ್ದಕ್ಕಿಂತ ಎಷ್ಟೋ ಪಾಲು ಹೆಚ್ಚೆಂದು ತೋರಿಸಿಕೊಟ್ಟ. ಎಂಥ ಕೆಲಸ! ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯ ಎಂಜಿನಿಯರಾಗಿ ಬಂದು, 1751ರಲ್ಲಿ ಕಡಲೂರಿನ ಬಳಿ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡ. ಊರಿಗೆ ಹೋದಾಗ ಅಲ್ಲಿಗೊಮ್ಮೆ ಹೋಗಬೇಕು.

14 ಜನವರಿ, ಭಾನುವಾರ

ಡಾಪ್ಲರ್ ರಡಾರೇ ಸರಿ. ಅದು ಬಂದೂಕನ್ನು ಮುಟ್ಟುವುದಿಲ್ಲ, ಗೆರೆ ದಾಟಿಸುವುದಿಲ್ಲ. ಆ ಬಗೆಯ ಲ್ಯಾಬ್‌ರಡಾರ್ ಗುಂಡನ್ನು ಹಿಂಬಾಲಿಸಿ, ಮುಂದೆ ಮುಂದೆ ವೇಗ ಎಷ್ಟು ಇಳಿಯಿತೆಂದೂ ಹೇಳುತ್ತದೆ. ರಾಬಿನ್ಸ್ ಹುಡುಕಿದ್ದೂ ಅದನ್ನೇ, ಆಸೆಯಾಯಿತು. ಆದರೆ ಆಕಾರ ದೊಡ್ಡದು, ಗುರಿಯತ್ತ ಸರಿಯಾಗಿ ತಿರುಗಿಸಿಡಬೇಕು. ಕಳೆದ ವರ್ಷ ಬಂದ ಗಾರ್ಮಿನ್ ಝೀರೋ ಕೂಡ ರಡಾರೇ, ಆದರೆ ಅಂಗೈಯಗಲ. ಬೆಂಚಿನ ಮೇಲೆ ಪಕ್ಕಕ್ಕಿಟ್ಟರೆ ಆಯಿತು. ನಳಿಕೆ ಬಾಯಿಯ ವೇಗವಷ್ಟೇ ಕೊಡುತ್ತದೆ, ಬೆಲೆ 600 ಡಾಲರ್ ಹತ್ತಿರ. ನನ್ನ ಕೆಲಸಕ್ಕೆ ಅಷ್ಟು ಸಾಕು. ಅದನ್ನೇ ತರಿಸುತ್ತೇನೆ.

ಸರಾಸರಿ ವೇಗಕ್ಕಿಂತ ಗುಂಡಿನಿಂದ ಗುಂಡಿಗೆ ಇರುವ ವ್ಯತ್ಯಾಸ ಮುಖ್ಯ. ಐದು ಗುಂಡು ಹೊಡೆದು ತೀರ್ಪು ಕೊಡುವುದನ್ನು ನಾನು ಒಪ್ಪುವುದಿಲ್ಲ, ಇಪ್ಪತ್ತಾದರೂ ಬೇಕು. ಮದ್ದು ಬಿಸಿಯೇರಿದರೆ ವೇಗವೂ ಏರುತ್ತದೆ. ಎಷ್ಟೆಂಬುದನ್ನು ಈ ನಳಿಕೆಯೇ ಹೇಳಬೇಕು. ಒಂದೇ ಲಾಟಿನ ತೋಟಾ ಈ ಚಳಿಯಲ್ಲೊಮ್ಮೆ, ಜೂನಿನ 40 ಡಿಗ್ರಿ ದಾಟಿದ ಬಿಸಿಲಲ್ಲೊಮ್ಮೆ ಹೊಡೆಯಬೇಕು. ಬೇಸಿಗೆಯ ಪಾಲನ್ನು ಈಗಲೇ ಬೇರೆ ತೆಗೆದಿಟ್ಟಿದ್ದೇನೆ.