ಉಜ್ಜಿದರೂ ಹೋಗದ ಅಕ್ಷರ

ಮುಂಬೈ, ಹೈದರಾಬಾದ್, ದೆಹಲಿಯಂಥ ಊರುಗಳ ಬಗ್ಗೆ ಬರೆಯುವವರಿಗೆ ‘ಪಾಲಿಂಪ್ಸೆಸ್ಟ್’ ಎಂಬ ಪದ ಬಲು ಪ್ರಿಯ. ಒಂದು ಕಾಲದ ಊರಿನ ಮೇಲೆ ಇನ್ನೊಂದು ಕಾಲದ ಊರು, ಬೀದಿಯ ಹಳೆಯ ಹೆಸರಿನ ಮೇಲೆ ಹೊಸ ಹೆಸರು. ಪದರಗಳು ಎಂದು ಹೇಳಬೇಕಾದಲ್ಲೆಲ್ಲ ಈ ಪದ ಬಂದು ಕೂರುತ್ತದೆ. ಆದರೆ ಅದರ ಮೂಲದಲ್ಲಿ ಪದರದ ಮಾತೇ ಇಲ್ಲ. ಗ್ರೀಕಿನಲ್ಲಿ ‘ಪಾಲಿನ್’ ಎಂದರೆ ಮತ್ತೆ. ‘ಪ್ಸೆಸ್ಟೋಸ್’ ಎಂದರೆ ಉಜ್ಜಿದ್ದು, ಕೆರೆದದ್ದು. ಮತ್ತೆ ಬರೆಯಲೆಂದು ಉಜ್ಜಿ ಚೊಕ್ಕಟ ಮಾಡಿದ ಹಾಳೆ, ಅಷ್ಟೇ. ಅಳಿಸಿದವರ ಕೈ ಆ ಪದದೊಳಗೇ ಇದೆ. ಇಂದಿನ ಬಳಕೆಯಲ್ಲಿ ಅದು ಮರೆಯಾಗಿದೆ.

ಅಳಿಸಿದವರು ದುಷ್ಟರೇನಲ್ಲ. ಬರೆಯುವ ಸಾಮಗ್ರಿ ದುಬಾರಿಯಾಗಿತ್ತು. ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ ರೋಮಿನ ಸಿಸೆರೋಗೆ ಅವನ ಕಿರಿಯ ಗೆಳೆಯ, ವಕೀಲ ಟ್ರೆಬೇಷಿಯಸ್ ಇಂಥದೇ ಹಾಳೆಯ ಮೇಲೆ ಕಾಗದ ಬರೆದಿದ್ದ. ಸಿಸೆರೋ ಅವನ ಮಿತವ್ಯಯವನ್ನು ಹೊಗಳಿ, ಜೊತೆಗೇ ಕಾಲೆಳೆದ: ಈ ಕಾಗದಕ್ಕಿಂತ ಕಡೆಯಾದದ್ದು ಆ ಹಾಳೆಯಲ್ಲಿ ಮೊದಲು ಏನಿತ್ತಪ್ಪಾ? ನನ್ನ ಕಾಗದವನ್ನೇ ಅಳಿಸಿಲ್ಲ ತಾನೇ?

ತಮಾಷೆ ಅವನಿಗೇ ತಿರುಗಿತು. ರಾಜ್ಯವ್ಯವಸ್ಥೆಯ ಬಗ್ಗೆ ಸಿಸೆರೋ ಬರೆದ ಗ್ರಂಥದ ಬಹುಭಾಗ ಶತಮಾನಗಳ ಕಾಲ ಯಾರ ಕೈಗೂ ಸಿಗಲಿಲ್ಲ. 1819ರಲ್ಲಿ ವ್ಯಾಟಿಕನ್ ಗ್ರಂಥಾಲಯದ ಆಂಜೆಲೋ ಮಾಯಿ ಅದರ ದೊಡ್ಡ ತುಣುಕನ್ನು ಪತ್ತೆಹಚ್ಚಿದ. ಸಂತ ಆಗಸ್ಟೀನ್ ಬರೆದ ಕೀರ್ತನೆಗಳ ವ್ಯಾಖ್ಯಾನದ ಅಡಿಯಲ್ಲಿ, ಅಳಿಸಿದ ಅಕ್ಷರಗಳಾಗಿ ಅದು ಉಳಿದಿತ್ತು.

ಆರ್ಕಿಮಿಡೀಸನ ಕಥೆ ಇನ್ನೂ ದೊಡ್ಡದು. ಅವನ ಗಣಿತ ಗ್ರಂಥಗಳ ಪ್ರತಿಯೊಂದನ್ನು ಹತ್ತನೆಯ ಶತಮಾನದಲ್ಲಿ ಚರ್ಮದ ಹಾಳೆಗಳ ಮೇಲೆ ಬರೆಯಲಾಗಿತ್ತು. 1229ರಲ್ಲಿ ಆ ಹಾಳೆಗಳು ಪ್ರಾರ್ಥನಾ ಪುಸ್ತಕವೊಂದಕ್ಕೆ ಬಳಕೆಯಾದವು. ಹಾಳೆ ಬಿಚ್ಚಿ, ಉಜ್ಜಿ, ನಡುವೆ ಮಡಿಸಿ, ಅಡ್ಡ ತಿರುಗಿಸಿ ಅದರ ಮೇಲೆ ಪ್ರಾರ್ಥನೆ ಬರೆದರು. ಗಣಿತ ಮರೆತರೂ ಪ್ರಾರ್ಥನೆಯನ್ನು ಕಾಪಾಡುವವರಿದ್ದರು. ಅದರ ನೆರಳಿನಲ್ಲಿ ಗಣಿತವೂ ಉಳಿಯಿತು.

1906ರಲ್ಲಿ ಡೆನ್ಮಾರ್ಕಿನ ವಿದ್ವಾಂಸ ಹೈಬರ್ಗ್ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಭೂತಗನ್ನಡಿ ಹಿಡಿದು ಅದನ್ನು ಓದಿದ. ಎರಟೋಸ್ತನೀಸನಿಗೆ ಆರ್ಕಿಮಿಡೀಸ್ ಬರೆದು ಕಳಿಸಿದ ‘ವಿಧಾನ’ ಎಂಬ ಗ್ರಂಥ ಅಲ್ಲಿತ್ತು. ಆಕೃತಿಗಳನ್ನು ಮನಸ್ಸಿನಲ್ಲೇ ತಕ್ಕಡಿಗೆ ಹಾಕಿ ತೂಗಿ ಉತ್ತರವನ್ನು ಮೊದಲು ಊಹಿಸುವುದು, ಸಾಧನೆಯನ್ನು ಆಮೇಲೆ ಕಟ್ಟುವುದು: ತನ್ನ ಕೆಲಸದ ಈ ಒಳಗುಟ್ಟನ್ನು ಅವನು ಬಿಚ್ಚಿಟ್ಟದ್ದು ಅದರಲ್ಲೇ. ಆ ಗ್ರಂಥದ ಪಠ್ಯ ಬೇರೆಲ್ಲೂ ಉಳಿದಿಲ್ಲ. ಮುಂದೆ ಪುಸ್ತಕ ಕಣ್ಮರೆಯಾಗಿ, 1998ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ 20 ಲಕ್ಷ ಡಾಲರಿಗೆ ಹೋಯಿತು. ಬಾಲ್ಟಿಮೋರಿನ ವಾಲ್ಟರ್ಸ್ ಕಲಾ ಸಂಗ್ರಹಾಲಯದಲ್ಲಿ ಅದನ್ನು ಬೇರೆ ಬೇರೆ ಬೆಳಕಿನಲ್ಲಿ ಚಿತ್ರ ತೆಗೆದು ಓದಿದರು. ಅಷ್ಟಕ್ಕೂ ಮಣಿಯದ ಪುಟಗಳ ಮೇಲೆ ಸ್ಟ್ಯಾನ್‌ಫರ್ಡಿನಲ್ಲಿ ಎಕ್ಸ್-ರೇ ಹಾಯಿಸಿದರು. ಆ ಶಾಯಿಯಲ್ಲಿ ಕಬ್ಬಿಣದ ಅಂಶವಿತ್ತು. ಅಕ್ಷರ ಕಣ್ಣಿಗೆ ಕಾಣದಿದ್ದರೂ ಕಬ್ಬಿಣ ಚರ್ಮದೊಳಗೆ ಕಚ್ಚಿಕೊಂಡೇ ಇತ್ತು.

ಕನ್ನಡನಾಡಿನ ಓಲೆಗರಿಗೆ ಈ ಕಥೆ ಹೊಂದುವುದಿಲ್ಲ. ಅಲ್ಲಿ ಅಕ್ಷರವನ್ನು ಕಂಠದಿಂದ ಕೊರೆದು, ಮೇಲೆ ಮಸಿ ಸವರುತ್ತಿದ್ದರು. ಕೊರೆದದ್ದನ್ನು ಕೆರೆಯಹೋದರೆ ಗರಿಯೇ ಹಾಳು. ಆದರೆ ಉಜ್ಜಿ ಮತ್ತೆ ಬರೆಯುವ ಪುಸ್ತಕ ಕನ್ನಡಿಗರಿಗೂ ಇತ್ತು. ಅದರ ಹೆಸರು ಕಡತ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬಿಳಿಯ ಅಕ್ಷರ ಬರೆಯುತ್ತಿದ್ದರು. ಅಂಗಡಿಯವರು ಲೆಕ್ಕ ಇಟ್ಟದ್ದು ಅದರಲ್ಲಿ. ಶೃಂಗೇರಿ ಮಠದ ಕಡತಗಳು ಇಂದು ಇತಿಹಾಸಕಾರರಿಗೆ ಆಕರ.

‘ಮತ್ತೆ ಉಜ್ಜಿದ್ದು’ ಎಂಬ ಮೂಲಾರ್ಥಕ್ಕೆ ಕಡತದಷ್ಟು ಸಲೀಸಾಗಿ ಒಗ್ಗುವ ಪುಸ್ತಕ ಇನ್ನೊಂದಿಲ್ಲ. ಇಂದಿನ ಅರ್ಥಕ್ಕೆ ಮಾತ್ರ ಅದು ಒಗ್ಗುವುದಿಲ್ಲ. ಶಾಯಿ ಚರ್ಮದೊಳಕ್ಕೆ ಇಳಿಯುತ್ತದೆ, ಬಳಪದ ಪುಡಿ ಬಟ್ಟೆಯ ಮೇಲೆ ಕೂರುತ್ತದೆ. ಸಾಲ ತೀರಿತೆಂದು ಶೆಟ್ಟರು ಒರೆಸಿದ ಲೆಕ್ಕವನ್ನು ಯಾವ ಎಕ್ಸ್-ರೇ ಹುಡುಕಬೇಕು? ಒರೆಸದೆ ಬಿಟ್ಟದ್ದಷ್ಟೇ ಚರಿತ್ರೆಯಾಗಿ ಕೈಗೆ ಬಂದಿದೆ. ಈಗ ಸರ್ಕಾರಿ ಕಚೇರಿಯ ಫೈಲಿಗೆ ಕಡತವೆಂದು ಹೆಸರು. ಒರೆಸಲೆಂದೇ ಇದ್ದ ವಸ್ತುವಿನ ಹೆಸರು, ಒರೆಸಬಾರದ ದಾಖಲೆಗೆ ಅಂಟಿಕೊಂಡಿದೆ.

ಹಾಗಾಗಿ ಎಲ್ಲ ಊರನ್ನೂ ಪಾಲಿಂಪ್ಸೆಸ್ಟ್ ಎನ್ನುವುದರಲ್ಲಿ ಒಂದು ಸುಳ್ಳು ಸಮಾಧಾನವಿದೆ. ಅಳಿಸಿದ್ದೆಲ್ಲ ಅಡಿಯಲ್ಲಿ ಎಲ್ಲೋ ಉಳಿದಿರುತ್ತದೆ, ಹುಡುಕಿದರೆ ಸಿಗುತ್ತದೆ ಎಂಬ ಭರವಸೆ ಅದು. ಆರ್ಕಿಮಿಡೀಸನ ಬರಹ ಉಳಿದದ್ದು ಶಾಯಿಯ ಗುಣದಿಂದ, ಮೇಲಿನ ಪ್ರಾರ್ಥನೆಯನ್ನು ಬೇರೆ ಯಾರೋ ಕಾಪಾಡಿದ್ದರಿಂದ. ಒಂದು ಓಣಿಯ ಹೆಸರು, ಒಂದು ಮನೆಯ ಮಾತು ಹಾಗೆ ಕಬ್ಬಿಣದ ಶಾಯಿಯಲ್ಲಿ ಬರೆದದ್ದಾಗಿರುವುದಿಲ್ಲ. ಹೆಚ್ಚಿನವು ಬಳಪದ ಬರಹಗಳೇ. ಅವನ್ನು ಓದಿ ಬರೆದಿಟ್ಟುಕೊಳ್ಳಬೇಕಾದದ್ದು ಒರೆಸುವ ಮೊದಲು.